ನಗರದಡಿಯ ನೀರಿಗೆ ಬಿಸಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಂತರ್ಜಲದ ಹರಿವನ್ನೂ ಉಷ್ಣತೆಯನ್ನೂ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕುತ್ತಾರೆ ಎಂದು ಓದಿದೆ. ಕಣ್ಣಿಗೆ ಕಾಣದ ನೀರಿನ ಲೆಕ್ಕ ಹೇಗೆ ಸಾಧ್ಯ? ಶಾಖವೂ ನೀರಿನಷ್ಟೇ ವೇಗವಾಗಿ ಸಾಗುತ್ತದೆಯೇ? ಬೆಂಗಳೂರಿಗೂ ಇಂಥ ಮಾದರಿ ಆದೀತೇ?

ಉತ್ತರ: ಬಾಸೆಲ್‌ನ ಅಡಿಯಲ್ಲಿ ರೈನ್ ನದಿ ತಂದು ಹಾಕಿದ ಜಲ್ಲಿ ಮತ್ತು ಮರಳಿನ ಪದರವಿದ್ದು, ಅಂತರ್ಜಲ ಅದರ ಸಂದುಗಳಲ್ಲಿ ಹರಿಯುತ್ತದೆ. ಮಾದರಿ ಕಟ್ಟುವವರು ಈ ಪದರವನ್ನು ಸಾವಿರಾರು ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶಕ್ಕೂ ಬರುವ, ಹೋಗುವ ಮತ್ತು ಅಲ್ಲೇ ಉಳಿಯುವ ನೀರಿನ ಜಮಾಖರ್ಚು ಬರೆಯುತ್ತಾರೆ. ಒಂದು ಕೋಶದಿಂದ ಇನ್ನೊಂದಕ್ಕೆ ಎಷ್ಟು ನೀರು ದಾಟುತ್ತದೆ ಎಂಬುದಕ್ಕೆ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮವೇ ಇಂದಿಗೂ ಆಧಾರ.

ಶಾಖ ನೀರಿನ ಜೊತೆಗೇ ಹೊರಟರೂ ಹಿಂದೆ ಬೀಳುತ್ತದೆ. ದಾರಿಯುದ್ದಕ್ಕೂ ಕಲ್ಲನ್ನೂ ಬಿಸಿ ಮಾಡುತ್ತ ಹೋಗಬೇಕಾದ್ದರಿಂದ, ಒಟ್ಟು ಗಾತ್ರದಲ್ಲಿ ಐದನೇ ಒಂದು ಭಾಗ ಸಂದುಗಳಿರುವ ಜಲ್ಲಿಯಲ್ಲಿ ನೀರು ದಿನಕ್ಕೆ 3 ಮೀಟರ್ ಸಾಗಿದರೆ ಶಾಖ ಹೆಚ್ಚುಕಡಿಮೆ 1 ಮೀಟರ್ ಮಾತ್ರ ಸಾಗುತ್ತದೆ. ನೀರು ನಿಂತೇ ಇದ್ದರಂತೂ ಶಾಖ ವರ್ಷಕ್ಕೆ ಐದಾರು ಮೀಟರ್ ಹರಡಿದರೆ ಹೆಚ್ಚು. ಇನ್ನೊಂದು ತೊಡಕಿದೆ: 10 ಡಿಗ್ರಿಯ ನೀರು 20 ಡಿಗ್ರಿಗೆ ಬಂದರೆ ಅದರ ಸ್ನಿಗ್ಧತೆ (ಹರಿವನ್ನು ತಡೆಯುವ ಒಳಗಿನ ಅಂಟುತನ) ಸುಮಾರು ಕಾಲುಭಾಗ ಇಳಿದು ಹರಿವು ಸಲೀಸಾಗುವುದರಿಂದ, ಹರಿವಿನ ಲೆಕ್ಕ ಮುಗಿಸಿ ಆಮೇಲೆ ಶಾಖದ ಲೆಕ್ಕ ಹಿಡಿಯುವುದು ಎಲ್ಲ ಕಡೆಯೂ ನಡೆಯುವುದಿಲ್ಲ.

ಆದರೂ ಸಮೀಕರಣಗಳು ಈ ಕೆಲಸದ ಸುಲಭದ ಭಾಗ. ಕಷ್ಟವಿರುವುದು ನಗರವನ್ನು ಅವುಗಳೊಳಗೆ ತರುವುದರಲ್ಲಿ. ಚಳಿಗಾಲದಲ್ಲಿ ಕಾಯಿಸಿಟ್ಟ ಕಟ್ಟಡಗಳ ನೆಲಮಾಳಿಗೆಗಳು, ಸುರಂಗಗಳು, ಒಳಚರಂಡಿ ಕೊಳವೆಗಳು, ಬಿಸಿಲಿಗೆ ಕಾದ ಡಾಂಬರು, ತಂಪುಗೊಳಿಸುವ ಯಂತ್ರಗಳಿಗೆ ಬಳಸಿ ಬೆಚ್ಚಗಾದ ಮೇಲೆ ಮತ್ತೆ ನೆಲಕ್ಕೇ ಇಳಿಸುವ ಬಾವಿ ನೀರು, ಇವೆಲ್ಲವೂ ಶಾಖದ ಮೂಲಗಳೇ. ಸ್ವಿಸ್ ಕಾನೂನಿನ ಪ್ರಕಾರ, ನೀರನ್ನು ಮರಳಿ ಇಳಿಸುವ ಜಾಗದ ಸುತ್ತಲಿನ ಸಣ್ಣ ಪ್ರದೇಶವನ್ನು ಬಿಟ್ಟರೆ, ಅಂತರ್ಜಲದ ಸಹಜ ಉಷ್ಣತೆಯನ್ನು 3 ಡಿಗ್ರಿಗಿಂತ ಹೆಚ್ಚು ಬದಲಿಸುವಂತಿಲ್ಲ. ಶತಮಾನಗಳಿಂದ ಜನ ವಾಸಿಸುತ್ತಿರುವ ಊರಿನಲ್ಲಿ ಸಹಜ ಉಷ್ಣತೆ ಎಷ್ಟು ಎಂದು ಅಳೆದು ಹೇಳುವವರು ಯಾರು? ಆದ್ದರಿಂದಲೇ ಬಾಸೆಲ್‌ನ ಸಂಶೋಧಕರು ಮಾದರಿಯೊಳಗಿಂದ ಕಟ್ಟಡಗಳನ್ನೂ ಬಾವಿಗಳನ್ನೂ ತೆಗೆದುಹಾಕಿ, ನಗರವೇ ಇಲ್ಲದಿದ್ದರೆ ನೀರು ಎಷ್ಟು ತಂಪಾಗಿರುತ್ತಿತ್ತು ಎಂದು ಲೆಕ್ಕ ಹಾಕಿದರು. ಮಾದರಿಯಿಂದಲ್ಲದೆ ಬೇರೆ ದಾರಿಯಲ್ಲಿ ಸಿಗದ ಉತ್ತರವದು.

ಮಾದರಿಯನ್ನು ಎಷ್ಟು ನಂಬಬೇಕು ಎಂಬುದು ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆ. ವೀಕ್ಷಣಾ ಬಾವಿಗಳ ನೀರಿನ ಮಟ್ಟ ಲೆಕ್ಕಕ್ಕೆ ತಾಳೆಯಾಯಿತೆಂದು ಸಮಾಧಾನಪಡುವುದು ಸಾಮಾನ್ಯ. ಅದಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ. ಜಲ್ಲಿಯ ನೀರು ಹಾಯಗೊಡುವ ಗುಣವನ್ನೂ ಒಳಬರುವ ನೀರನ್ನೂ ಒಟ್ಟಿಗೇ ದುಪ್ಪಟ್ಟು ಮಾಡಿದರೆ ಮಟ್ಟ ಇದ್ದಲ್ಲೇ ಇರುತ್ತದೆ, ಆದರೆ ಶಾಖ ಎರಡು ಪಟ್ಟು ಬೇಗ ಬರುತ್ತದೆ. ನದಿ ಆಗಸ್ಟ್‌ನಲ್ಲಿ ಅತಿ ಬೆಚ್ಚಗಿದ್ದು, ದಡದಾಚೆಯ ಬಾವಿಯಲ್ಲಿ ಅದೇ ಏರಿಕೆ ನವೆಂಬರ್‌ನಲ್ಲಿ ಕಾಣಿಸಿಕೊಂಡರೆ, ಆ ಮೂರು ತಿಂಗಳ ಅಂತರವೇ ಹರಿವಿನ ನಿಜವಾದ ವೇಗವನ್ನು ಹೇಳುತ್ತದೆ. ಉಷ್ಣತೆಯ ದಾಖಲೆಯಿಲ್ಲದ ಮಾದರಿಯ ಬಣ್ಣದ ನಕ್ಷೆಯನ್ನು ಅನುಮಾನದಿಂದಲೇ ನೋಡಬೇಕು.

ಇನ್ನು ಬೆಂಗಳೂರು. ಅದರಡಿಯಲ್ಲಿರುವುದು ಜಲ್ಲಿಯಲ್ಲ, ನೈಸ್ ಎಂಬ ಗಟ್ಟಿ ಶಿಲೆ. ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಅಕ್ಕಪಕ್ಕದ ಎರಡು ಸೈಟುಗಳಲ್ಲಿ ಒಂದರ ಬೋರ್‌ವೆಲ್ ನೀರು ಕೊಟ್ಟು ಇನ್ನೊಂದು ಧೂಳೆಬ್ಬಿಸುವ ಇಂಥ ನೆಲಕ್ಕೆ ಬಾಸೆಲ್‌ನ ಕೋಶಗಳು ನೇರವಾಗಿ ಹೊಂದುವುದಿಲ್ಲ. ಮಾದರಿ ಸಾಧ್ಯವಿಲ್ಲವೆಂದಲ್ಲ; ಬಿರುಕುಗಳ ಆಳ ಮತ್ತು ದಿಕ್ಕು ಗೊತ್ತಿರಬೇಕು, ಪಂಪು ಹಾಕದ ಕೆಲವು ಬಾವಿಗಳಲ್ಲಿ ಮಟ್ಟ ಮತ್ತು ಉಷ್ಣತೆ ಎರಡನ್ನೂ ವರ್ಷಗಟ್ಟಲೆ ಬಿಡದೆ ದಾಖಲಿಸಬೇಕು.