ಉರಣದ ಗ್ಯಾಸು, ಸೌದಿಯ ಬೆಲೆ

ಡೊಂಬಿವಿಲಿಯ ಓದುಗರೊಬ್ಬರು ಬರೆಯುತ್ತಾರೆ: "ಯುದ್ಧ ನಡೆಯುವುದು ಎಲ್ಲೋ, ಸಿಲಿಂಡರಿನ ಬೆಲೆ ಏರುವುದು ಇಲ್ಲಿ. ಕಡಲೊಳಗಿನ ಬಾಂಬೆ ಹೈ ಎಣ್ಣೆ ಬಾವಿಗಳು ನಮ್ಮವೇ, ಮುಂಬಯಿ ಪಕ್ಕದ ಉರಣದ ಗ್ಯಾಸ್ ಘಟಕವೂ ನಮ್ಮದೇ ಅಲ್ವಾ? ಏರುವಾಗ ಒಂದೇ ರಾತ್ರಿ, ಇಳಿಯುವಾಗ ವರ್ಷಗಟ್ಟಲೆ ಯಾಕೆ? ನಮ್ಮ ಕಟ್ಟಡಕ್ಕೆ ಈಗ ಪೈಪ್ ಗ್ಯಾಸ್ ಬರುತ್ತಿದೆ. ತೆಗೆದುಕೊಳ್ಳಲೋ ಬೇಡವೋ?"

ಅಮ್ಮಾ, ನಮಸ್ಕಾರ. ನಿಮ್ಮ ಎರಡನೆಯ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಅದಕ್ಕೆ ಮೊದಲು ಉರಣದ ಮಾತು.

ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ. ಅಲ್ಲಿನ ಅನಿಲ ಕಡಲಡಿಯ ಪೈಪಿನಲ್ಲಿ ಉರಣಕ್ಕೆ ಬರುತ್ತದೆ, ಅದರಿಂದ ಅಡುಗೆ ಗ್ಯಾಸನ್ನೂ ತೆಗೆಯುತ್ತಾರೆ. ಆದರೆ ದೇಶಕ್ಕೆ ಬೇಕಾದ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಅದೂ ಹೆಚ್ಚಾಗಿ ಕೊಲ್ಲಿ ದೇಶಗಳಿಂದಲೇ ಬಂದಿದೆ. ಹೀಗಾಗಿ ಇಲ್ಲಿ ತೆಗೆದ ಗ್ಯಾಸಿಗೂ ಆಮದಿನ ಲೆಕ್ಕದಲ್ಲೇ ಬೆಲೆ ಕಟ್ಟುತ್ತಾರೆ. ಅಡುಗೆ ಗ್ಯಾಸಿನಲ್ಲಿರುವುದು ಪ್ರೊಪೇನ್, ಬ್ಯುಟೇನ್ ಎಂಬ ಅನಿಲಗಳು. ಅವಕ್ಕೆ ಸೌದಿಯ ಸರಕಾರಿ ತೈಲ ಕಂಪನಿ ಅರಾಮ್ಕೊ ತಿಂಗಳು ತಿಂಗಳು ಹೇಳುವ ದರ ಆ ಲೆಕ್ಕದ ಬುಡ. ಅದರ ಮೇಲೆ ಹಡಗಿನ ಬಾಡಿಗೆ, ವಿಮೆ. ಎಲ್ಲವೂ ಡಾಲರಿನಲ್ಲಿ. ರೂಪಾಯಿ ಬಿದ್ದರೆ ಅದೂ ನಮ್ಮ ತಲೆಗೇ.

ಬೆಲೆ ಏರಲು ಒಂದು ಹಡಗೂ ಮುಳುಗಬೇಕಿಲ್ಲ. ಶಾಂತಿಯ ದಿನಗಳಲ್ಲಿ ಜಗತ್ತು ಬಳಸುವ ಎಣ್ಣೆಯ ಸುಮಾರು ಐದನೇ ಒಂದು ಪಾಲು ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಜಲಸಂಧಿ ದಾಟಿ ಹೋಗುತ್ತದೆ. ಅಲ್ಲಿ ಗುಂಡಿನ ಸದ್ದು ಕೇಳಿದರೆ ಸಾಕು, ಹಡಗಿಗೆ ಯುದ್ಧದ ವಿಮೆ ದುಬಾರಿಯಾಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಎಷ್ಟೋ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋದವು. ದಾರಿ ಉದ್ದವಾದಷ್ಟೂ ಬಾಡಿಗೆ. ಇನ್ನು ಗೋದಾಮಿನಲ್ಲಿರುವ ಹಳೆಯ ಮಾಲು? ವಾಶಿಯ ಮಂಡಿಯಲ್ಲಿ ತೆಂಗಿನಕಾಯಿ ಬೆಲೆ ಏರಿದ ದಿನ ಮಾಟುಂಗದ ಅಂಗಡಿಯವರು ನಿನ್ನೆಯ ಮೂಟೆಯನ್ನೂ ಹೊಸ ಬೆಲೆಗೇ ಮಾರುತ್ತಾರೆ. ನಾಳೆಯ ಮೂಟೆಗೆ ದುಡ್ಡು ಬೇಕಲ್ಲ.

ಈಗ ಇಳಿಯುವ ಮಾತು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ್ದು 2022ರ ಫೆಬ್ರುವರಿ 24ರಂದು. ಆ ಜನವರಿಯಲ್ಲಿ ಸೌದಿಯ ಪ್ರೊಪೇನ್ ದರ ಟನ್ನಿಗೆ 740 ಡಾಲರ್ ಇತ್ತು, ಏಪ್ರಿಲ್‌ಗೆ 940 ಆಯಿತು. 14.2 ಕಿಲೋದ ಸಿಲಿಂಡರಿಗೆ ಲೆಕ್ಕ ಹಾಕಿದರೆ ಬರೀ ಗ್ಯಾಸಿಗೇ ಸುಮಾರು 1,000 ರೂಪಾಯಿ. ಹಡಗು, ತುಂಬುವ ಖರ್ಚು, ಡೀಲರ್ ಕಮಿಷನ್ ಬೇರೆ. ಆಗ ಮುಂಬಯಿಯಲ್ಲಿ ನಾವು ಕೊಡುತ್ತಿದ್ದುದು 949.50. ಅಂದರೆ ನಮಗೆ ದುಬಾರಿ ಅನಿಸಿದ ಆ ಬೆಲೆಯಲ್ಲೂ ತೈಲ ಕಂಪನಿಗಳಿಗೆ ನಷ್ಟವೇ. ಅದನ್ನು ತುಂಬಲು ಕೇಂದ್ರ ಸರಕಾರ ಅಕ್ಟೋಬರ್‌ನಲ್ಲಿ 22,000 ಕೋಟಿ ರೂಪಾಯಿ ಕೊಟ್ಟಿತು.

ಆಮೇಲೆ ಚಿತ್ರ ತಿರುಗಿತು. 2023ರ ಜುಲೈಗೆ ಸೌದಿ ದರ 400 ಡಾಲರಿಗೆ ಇಳಿದಿತ್ತು. ಅದೇ ಲೆಕ್ಕದಲ್ಲಿ ಸಿಲಿಂಡರಿನೊಳಗಿನ ಗ್ಯಾಸಿಗೆ 500 ರೂಪಾಯಿಯೂ ಆಗುವುದಿಲ್ಲ. ನಾವು ಕೊಟ್ಟಿದ್ದು 1,102.50! ಆಗಸ್ಟ್ ಕೊನೆಯಲ್ಲಿ 200 ಇಳಿಸಿದರು, 2024ರ ಮಾರ್ಚ್‌ನಲ್ಲಿ ಮತ್ತೆ 100. ಹಳೆಯ ನಷ್ಟ ತುಂಬಿಕೊಳ್ಳಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಎಷ್ಟು ನಷ್ಟವಿತ್ತು, ಎಷ್ಟು ತುಂಬಿತು, ಇನ್ನೆಷ್ಟು ಬಾಕಿ ಅಂತ ತಿಂಗಳು ತಿಂಗಳು ಬಿಲ್ಲಿನಲ್ಲೇ ಬರೆಯಬೇಕು. ದರದ ಮೇಲೆ ಕೊನೆಯ ಮಾತು ಸರಕಾರದ್ದು. ಆದ್ದರಿಂದ ಈ ಪ್ರಶ್ನೆಯನ್ನು ಸಿಲಿಂಡರ್ ಹೊತ್ತು ತರುವ ಹುಡುಗನಿಗಲ್ಲ, ನಿಮ್ಮ ಸಂಸದರಿಗೆ ಕೇಳಿ. ಸುಮ್ನೆ ಹೇಳುತ್ತಿಲ್ಲ, ಪತ್ರ ಬರೆಯಿರಿ. ಕನ್ನಡದಲ್ಲಿ ಬರೆದು ಕಳಿಸಿದರೆ ಮರಾಠಿಗೆ ನಾವೇ ಮಾಡಿಕೊಡುತ್ತೇವೆ.

ಕರೆಂಟ್ ಬಿಲ್ಲಿನಲ್ಲೂ ಇದೇ ಕತೆ ಉಂಟು. 'ಇಂಧನ ಸಮಾಯೋಜನ ಆಕಾರ', ಅಂದರೆ ಇಂಧನ ಹೊಂದಾಣಿಕೆ ಶುಲ್ಕ, ಎಂಬ ಸಾಲು ನೋಡಿ. ಹೊರಗಿನ ಕಲ್ಲಿದ್ದಲು ದುಬಾರಿಯಾದರೆ ಅದು ಅಲ್ಲಿಗೆ ಬಂದು ಸೇರುತ್ತದೆ.

ಪೈಪ್ ಗ್ಯಾಸ್ ತೆಗೆದುಕೊಳ್ಳಿ. ಅದರಲ್ಲಿ ಬರುವುದು ಸಿಲಿಂಡರಿನ ಗ್ಯಾಸಲ್ಲ, ನೈಸರ್ಗಿಕ ಅನಿಲ. ಮನೆಗಳ ಪೈಪಿಗೆ ದೇಶದೊಳಗಿನ ಅನಿಲವನ್ನು ಮೊದಲು ಹಂಚುವ ನಿಯಮವಿದೆ. ಹಳೆಯ ಬಾವಿಗಳ ಅನಿಲದ ಬೆಲೆ ಕಚ್ಚಾ ತೈಲದ ಜೊತೆ ಏರಿಳಿದರೂ, 2023ರ ಏಪ್ರಿಲ್‌ನಿಂದ ಅದಕ್ಕೊಂದು ಮೇಲ್ಮಿತಿ ಹಾಕಿದ್ದಾರೆ. ಸಾಲದೆ ಬಂದಷ್ಟನ್ನು ದುಬಾರಿ ಅನಿಲದಿಂದ ತುಂಬಬೇಕಾಗುತ್ತದೆ, ಹಾಗಾಗಿ ಇದೂ ಏರುವುದೇ ಇಲ್ಲ ಅಂತ ಅಲ್ಲ. ಆದರೂ ಸೌದಿಯ ದರ ಏರಿದಾಗ ಸಿಲಿಂಡರಿಗೆ ಬೀಳುವ ಪೆಟ್ಟು ಇದಕ್ಕೆ ನೇರವಾಗಿ ಬೀಳುವುದಿಲ್ಲ. ಒಲೆ ಹಳೆಯದೇ ಸಾಕು, ಬರ್ನರಿನ ಜೆಟ್ ಮಾತ್ರ ಬದಲಿಸಬೇಕು. ಅದನ್ನು ಗ್ಯಾಸ್ ಕಂಪನಿಯವರ ಕೈಯಲ್ಲೇ ಮಾಡಿಸಿ.