ಏರಿನ್ಯಾಗ ಮಾರುತಿ 800 ಮಿಸ್ ಹೊಡೀತದ

ಐಡಲಿಂಗ್‌ನ್ಯಾಗ ಸರಿ ಇದ್ದು, ಹುಮನಾಬಾದ್ ರಸ್ತೆ ಏರಿನ್ಯಾಗ ಟಾಪ್ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದ್ರ ಜಗ್ಗಿ ಜಗ್ಗಿ ಹೋಗ್ತದ ಅಂದ್ರ, ನಿಮ್ಮ ಹಳೇ ಕಾರ್ಬುರೇಟರ್ 800ದಾಗ ಮೊದಲ ಅನುಮಾನ ಪ್ಲಗ್ ವೈರಿನ (ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಒಯ್ಯೋ ವೈರಿನ) ಮ್ಯಾಲೆ. ಲೋಡ್ ಬಿದ್ದಾಗ ಸಿಲಿಂಡರ್ ಒತ್ತಡ ಏರ್ತದ, ಕಿಡಿ ಹಾರಲಿಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಎಂಜಿನ್ ಬಿಸಿಗೆ ಒಣಗಿ ಸೀಳಿದ ವೈರಿನಿಂದ ಅದು ಪ್ಲಗ್‌ ತನಕ ಹೋಗದೇ ಎಂಜಿನ್ನಿನ ಲೋಹಕ್ಕೆ ಸೋರ್ತದ.

ರಾತ್ರಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಸ್ಪ್ರೇ ಬಾಟಲಿಯಿಂದ ವೈರುಗಳ ಮ್ಯಾಲೆ ತೆಳ್ಳಗೆ ನೀರು ಹೊಡೀರಿ. ಟಕ್ ಟಕ್ ಅಂತ ನೀಲಿ ಕಿಡಿ ಕಂಡಲ್ಲೇ ತಕರಾರು. ಕೈ ಮಾತ್ರ ಹಚ್ಚಬ್ಯಾಡ್ರಿ. ಒಂದೇ ವೈರ್ ಕೆಟ್ಟಿದ್ರೂ ಪೂರಾ ಸೆಟ್ ಹಾಕ್ರಿ. ಎಂಜಿನ್ ಬಂದ್ ಮಾಡಿ ಒಂದು ತೆಗೆದು ಒಂದು ಹಾಕ್ರಿ, ಫೈರಿಂಗ್ ಆರ್ಡರ್ (ಮೂರು ಸಿಲಿಂಡರಿನ್ಯಾಗ ಕಿಡಿ ಬೀಳೋ ಸರತಿ) 1-3-2 ತಪ್ಪಬಾರದು.

ಡಿಸ್ಟ್ರಿಬ್ಯೂಟರ್ (ಕರೆಂಟನ್ನ ಒಂದೊಂದು ಪ್ಲಗ್ಗಿಗೆ ಹಂಚೋ ಭಾಗ) ಕ್ಯಾಪ್ ತೆಗೆದು ಒಳಗ ನೋಡ್ರಿ. ಪೆನ್ಸಿಲ್ ಗೀಟಿನಂಥ ಸಣ್ಣ ಕಪ್ಪು ಗೆರಿ ಇದ್ರ ಕ್ಯಾಪ್, ಅದರೊಳಗ ತಿರುಗೋ ರೋಟರ್ ಎರಡೂ ಬದಲಿ. ಉಜ್ಜಿ ಹಾಕಿದ್ರ ತಿರುಗಿ ಬರ್ತದ.

ಎಂಜಿನ್ ತಣ್ಣಗಾದ ಮ್ಯಾಲೆ ಪ್ಲಗ್ ಬಿಚ್ಚಿ ಗ್ಯಾಪ್ (ಕಿಡಿ ಹಾರೋ ತುದಿಯ ಸಂದು) 0.7ರಿಂದ 0.8 ಮಿ.ಮೀ. ಇಡ್ರಿ. ತುದಿ ತಿಳಿ ಕಂದು ಇದ್ರ ಚಲೋ. ಮಸಿ ಹಿಡಿದಿದ್ರ ಪೆಟ್ರೋಲ್ ಹೆಚ್ಚು, ಏರ್ ಫಿಲ್ಟರ್ ಧೂಳು ತುಂಬಿರಬಹುದು.

ಇಷ್ಟಕ್ಕೂ ಹೋಗದಿದ್ರ ಪೆಟ್ರೋಲ್ ಫಿಲ್ಟರ್ ಬದಲಿಸ್ರಿ, ಆಮ್ಯಾಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸ್ರಿ. ಒಂದು ಸಿಲಿಂಡರ್ ಬಹಳ ಕಡಿಮಿ ಬಂದ್ರ ಅದರೊಳಗ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತ ಅಳೀರಿ. ಏರಿದ್ರ ಪಿಸ್ಟನ್ ರಿಂಗ್ ಸವೆದಾವ. ಏರದಿದ್ರ ವಾಲ್ವ್ ಇರಬಹುದು, ಹೆಡ್ ಬಿಚ್ಚೋ ಮುಂಚೆ ಟ್ಯಾಪೆಟ್ ಸೆಟಿಂಗ್ (ವಾಲ್ವಿನ ಸಂದು ಸರಿ ಮಾಡೋದು) ಮಾಡಿಸಿ ನೋಡ್ರಿ.