ಬಾಬ್ ವೀಲಾ ಅವರಿಗೆ ನಿಜಕ್ಕೂ ಮನೆ ರಿಪೇರಿ ಬರ್ತಿತ್ತಾ?

ಅಮೆರಿಕದ ಮನೆ ರಿಪೇರಿ ಟಿವಿ ಕಾರ್ಯಕ್ರಮ ‘ದಿಸ್ ಓಲ್ಡ್ ಹೌಸ್’ನ ಹಳೇ ಕಂತುಗಳಲ್ಲಿ ಅದನ್ನು ನಡೆಸಿಕೊಡುವ ಬಾಬ್ ವೀಲಾ ಕೆಲಸಕ್ಕಿಂತ ಮಾತೇ ಜಾಸ್ತಿ ಆಡ್ತಾರೆ, ಅವರಿಗೆ ನಿಜವಾಗಿ ಕೆಲಸ ಬರ್ತಿತ್ತಾ, ಅಷ್ಟು ಹೆಸರಿದ್ದವರನ್ನು ಯಾಕೆ ತೆಗೆದರು ಅಂತ ಕೇಳಿದ್ದೀರಿ. ಇದರ ಮೊದಲ ಅರ್ಧವನ್ನು ನಮ್ಮ ಅಪ್ಪನೂ ನನ್ನ ಹತ್ತಿರ ಕೇಳಿದ್ದರು.

ನಾನಿರುವುದು ಬಾಸ್ಟನ್ ಪಕ್ಕದ ವಾಲ್ಥಮ್‌ನಲ್ಲಿ. ನಮ್ಮದು ನೂರು ವರ್ಷ ಹತ್ತಿರವಾದ ಮರದ ಮನೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಅಪ್ಪ ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಾಗ ಸಂಜೆ ಹೊತ್ತು ಇಬ್ಬರೂ ಕೂತು ಈ ಕಾರ್ಯಕ್ರಮದ ಹಳೇ ಕಂತುಗಳನ್ನು ನೋಡುತ್ತಿದ್ದೆವು. ಎರಡನೇ ದಿನವೇ ಅಪ್ಪ, “ಏನೋ ಇವನು, ಬರೀ ಬಾಯಿ. ಕೆಲಸ ಎಲ್ಲಾ ಆ ಗಡ್ಡದವನೇ ಮಾಡ್ತಾನಲ್ಲ” ಅಂದರು. ಗಡ್ಡದವರು ಅಂದರೆ ಬಡಗಿ ನಾರ್ಮ್ ಏಬ್ರಮ್.

ಅಪ್ಪ ಹೇಳಿದ್ದು ಅರ್ಧ ಸರಿ. ನಾರ್ಮ್ ಕೈಚಳಕದ ಮುಂದೆ ವೀಲಾ ಏನೂ ಅಲ್ಲ. ಹಾಗಂತ ಅವರು ಕೆಲಸ ಬಾರದೆ ಬಂದು ಕ್ಯಾಮೆರಾ ಮುಂದೆ ನಿಂತವರೂ ಅಲ್ಲ. ಹುಟ್ಟಿದ್ದು 1946ರಲ್ಲಿ, ಮಯಾಮಿಯಲ್ಲಿ. ಕ್ಯೂಬಾ ಮೂಲದ ಕುಟುಂಬ. ತಂದೆ ತಮ್ಮ ಮನೆಯನ್ನು ತಾವೇ ಕೈಯಾರೆ ಕಟ್ಟಿದವರು. ಹುಡುಗ ಕಾಲೇಜಿನಲ್ಲಿ ಓದಿದ್ದು ಮಾತ್ರ ಪತ್ರಿಕೋದ್ಯಮ, ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಅಮೆರಿಕ ಸರ್ಕಾರ ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಸೇರಿ ಪನಾಮಾಕ್ಕೆ ಹೋದರು. ಅಲ್ಲಿಂದ ಬಂದು ಬಾಸ್ಟನ್ ಕಡೆ ನೆಲೆ ನಿಂತು, ಹಳೇ ಮನೆಗಳನ್ನು ರಿಪೇರಿ ಮಾಡಿಕೊಡುವ ಸ್ವಂತ ವ್ಯವಹಾರ ಶುರು ಮಾಡಿದರು. ತಂದೆಯ ಮನೆ ಮತ್ತು ಪತ್ರಿಕೋದ್ಯಮ, ಈ ಎರಡನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರಿಂದಲೇ ಅರ್ಥವಾಗುತ್ತದೆ.

ನಮ್ಮ ಪಕ್ಕದ ಊರು ನ್ಯೂಟನ್‌ನಲ್ಲಿ ಅವರು ಒಂದು ವಿಕ್ಟೋರಿಯನ್ ಕಾಲದ ಮನೆ ಕೊಂಡು ಸರಿಪಡಿಸಿದ್ದರು. ಅದಕ್ಕೆ 1978ರಲ್ಲಿ ‘ಬೆಟರ್ ಹೋಮ್ಸ್ ಅಂಡ್ ಗಾರ್ಡನ್ಸ್’ ಪತ್ರಿಕೆಯ ಬಹುಮಾನವೂ ಬಂತು. ಬಾಸ್ಟನ್ನಿನ ಸಾರ್ವಜನಿಕ ಟಿವಿ ಕೇಂದ್ರ ಡಬ್ಲ್ಯೂಜಿಬಿಎಚ್‌ನ ನಿರ್ಮಾಪಕ ರಸೆಲ್ ಮೊರಾಶ್ ಕಣ್ಣಿಗೆ ವೀಲಾ ಬಿದ್ದದ್ದು ಈ ಹೊತ್ತಿನಲ್ಲಿ.

ಮೊರಾಶ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಈ ಕಥೆಯ ನಿಜವಾದ ಮೇಸ್ತ್ರಿ ಅವರೇ ಅಂತ ನನ್ನ ಅಭಿಪ್ರಾಯ. ಅಮೆರಿಕದ ಹೆಸರಾಂತ ಅಡುಗೆ ಲೇಖಕಿ ಜೂಲಿಯಾ ಚೈಲ್ಡ್ ಅವರನ್ನು ಟಿವಿಯಲ್ಲಿ ಅಡುಗೆ ಮಾಡಿಸಿದ್ದು ಇವರು. ತೋಟಗಾರಿಕೆಯ ಕಾರ್ಯಕ್ರಮ ಮಾಡಿದ್ದೂ ಇವರೇ. ತಮ್ಮ ಹಿತ್ತಲಲ್ಲಿ ಒಂದು ವರ್ಕ್‌ಶಾಪ್ ಕಟ್ಟಿಸಲು ನಾರ್ಮ್ ಏಬ್ರಮ್ ಅವರನ್ನು ಕರೆಸಿದ್ದರಂತೆ. ಕೆಲಸ ಮುಗಿದಾಗ ಉಳಿದ ಮರದ ಚೂರುಗಳ ಗುಡ್ಡೆ ನೋಡಿದರೆ ಅದು ಅಷ್ಟೇ ಅಷ್ಟು. ಇಷ್ಟು ಕಡಿಮೆ ಹಾಳು ಮಾಡುವವನು ಒಳ್ಳೆಯ ಬಡಗಿಯೇ ಇರಬೇಕು ಅಂತ ಮೊರಾಶ್ ಲೆಕ್ಕ ಹಾಕಿದರು. ನಮ್ಮೂರಲ್ಲಿ ಮನೆ ಕಟ್ಟಿಸಿದವರು ಯಾರೇ ಆದರೂ ಈ ಲೆಕ್ಕಕ್ಕೆ ತಲೆ ಆಡಿಸುತ್ತಾರೆ. ಅಪ್ಪ ಆಡಿಸಿದರು.

1979ರಲ್ಲಿ ‘ದಿಸ್ ಓಲ್ಡ್ ಹೌಸ್’ ಶುರುವಾಯಿತು. ಬಾಸ್ಟನ್ನಿನ ಡಾರ್ಚೆಸ್ಟರ್ ಭಾಗದಲ್ಲಿ ಒಂದು ಹಾಳುಬಿದ್ದ ಮನೆ, 13 ಕಂತು. ಮೊದಲು ಸ್ಥಳೀಯವಾಗಿ ಮಾತ್ರ ಬಂತು, ಆಮೇಲೆ ಸಾರ್ವಜನಿಕ ಟಿವಿ ಜಾಲ ಪಿಬಿಎಸ್ ಮೂಲಕ ದೇಶಕ್ಕೆಲ್ಲ. ಆಗ ಟಿವಿಯಲ್ಲಿ ಇಂಥದ್ದು ಹೊಸದು. ಇವತ್ತಿನ ಕಾರ್ಯಕ್ರಮಗಳ ಹಾಗೆ ಅರ್ಧ ಗಂಟೆಯಲ್ಲಿ ಇಡೀ ಮನೆ ಥಳಥಳ ಆಗಿ, ಮನೆಯವರು ಅತ್ತು, ಮುಗಿಯುವುದಿಲ್ಲ. ಒಂದೇ ಮನೆ, ವಾರ ವಾರ. ಪ್ಲಂಬರ್ ಬರ್ತಾರೆ, ಎಲೆಕ್ಟ್ರಿಷಿಯನ್ ಬರ್ತಾರೆ. ಬಾಬ್ ಜೇಬಿಗೆ ಕೈ ಹಾಕಿಕೊಂಡು ನಿಂತು ಕೇಳ್ತಾರೆ: ಇದು ಯಾಕೆ ಹಾಗೆ, ಎಷ್ಟು ಖರ್ಚು, ಹೀಗೆ ಮಾಡಿದರೆ ಆಗಲ್ವಾ? ಎದುರಿಗಿದ್ದವನು ಮಾತು ಬಾರದ ಕೆಲಸಗಾರನಾದರೂ ಬಾಯಿ ಬಿಡಲೇಬೇಕು. ಪತ್ರಿಕೋದ್ಯಮ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು.

ಒಂದು ವಾರ ಆದಮೇಲೆ ಅಪ್ಪನ ಮಾತೂ ಬದಲಾಯಿತು. “ನಾನು ಏನು ಕೇಳ್ಬೇಕು ಅಂದ್ಕೊಂಡಿರ್ತೀನೋ, ಅದನ್ನೇ ಅವನು ಕೇಳ್ತಾನೆ ಕಣೋ” ಅಂದರು. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಅಪ್ಪನಿಗೆ ಅಷ್ಟು ತಿಳಿದಿತ್ತು. ಊರಿನ ಮನೆ ಕಟ್ಟುವಾಗ ಇವರೂ ಬೆಳಗಿನಿಂದ ಸಂಜೆವರೆಗೆ ಮೇಸ್ತ್ರಿ ಬೆನ್ನ ಹಿಂದೆ ನಿಂತು ಇದನ್ನೇ ಮಾಡಿದ್ದು. ಮೇಸ್ತ್ರಿಗೆ ತಲೆಬಿಸಿ ಆಗಿತ್ತು, ಅದು ಬೇರೆ ಮಾತು.

ಈಗ ನಿಮ್ಮ ಎರಡನೇ ಪ್ರಶ್ನೆ. ಹತ್ತು ವರ್ಷ ಕಾರ್ಯಕ್ರಮ ನಡೆಸಿದ ವೀಲಾ ಅವರನ್ನು 1989ರಲ್ಲಿ ತೆಗೆದದ್ದು ನಿಜ. ಕಾರಣ ಜಾಹೀರಾತು. ಪಿಬಿಎಸ್‌ನಲ್ಲಿ ಮಾಮೂಲಿ ಜಾಹೀರಾತು ಇರುವುದಿಲ್ಲ. ಕಂಪನಿಗಳು ಕಾರ್ಯಕ್ರಮಕ್ಕೆ ಹಣ ಕೊಡುತ್ತವೆ, ಅವುಗಳ ಹೆಸರನ್ನು ಶುರುವಿನಲ್ಲೋ ಕೊನೆಯಲ್ಲೋ ಹೇಳುತ್ತಾರೆ, ಅಷ್ಟೇ. ಹಾಗೆ ಹಣ ಕೊಡುತ್ತಿದ್ದವರಲ್ಲಿ ಮನೆ ರಿಪೇರಿ ಸಾಮಾನಿನ ಅಂಗಡಿ ಸರಣಿ ಹೋಮ್ ಡಿಪೋ ಒಂದು. ವೀಲಾ ಹೊರಗಡೆ ರಿಕಲ್ ಅನ್ನುವ ಅಂಗಡಿ ಸರಣಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ರಿಕಲ್ ಮಾರುತ್ತಿದ್ದುದೂ ಹೋಮ್ ಡಿಪೋ ಮಾರುವ ಸಾಮಾನನ್ನೇ! ಹೋಮ್ ಡಿಪೋ ಹಣ ನಿಲ್ಲಿಸಿತು. ಮರಮುಟ್ಟಿನ ಕಂಪನಿ ವೇಯರ್‌ಹೌಸರ್ ಕೂಡ ಹಿಂದೆ ಸರಿಯಿತು. ಟಿವಿ ಕೇಂದ್ರ ವೀಲಾ ಅವರ ಒಪ್ಪಂದ ಮುರಿಯಿತು, ಅವರ ಜಾಗಕ್ಕೆ ಸ್ಟೀವ್ ಥಾಮಸ್ ಬಂದರು.

ಇದರಲ್ಲಿ ತಪ್ಪು ಯಾರದ್ದು? ಕೇಂದ್ರದ ಕಷ್ಟ ನನಗೆ ಅರ್ಥವಾಗುತ್ತದೆ. ಒಂದು ಅಂಗಡಿಯಿಂದ ದುಡ್ಡು ತೆಗೆದುಕೊಂಡವರು ‘ಈ ಸಾಮಾನು ಒಳ್ಳೇದು’ ಅಂದರೆ ನೋಡುವವರು ನಂಬಬೇಕೋ ಬೇಡವೋ? ಆದರೆ ಇನ್ನೊಂದು ಅಂಗಡಿ ಹಣ ಕೊಟ್ಟು ಹೆಸರು ಹಾಕಿಸಿಕೊಳ್ಳುತ್ತಿದ್ದಾಗ ಆ ಪ್ರಶ್ನೆ ಏಳಲಿಲ್ಲ ನೋಡಿ. ವೀಲಾ ಮುಖಕ್ಕೆ ಬೆಲೆ ಬಂದಿದ್ದೇ ಜನ ನಂಬಿದ್ದರಿಂದ. ಆ ಬೆಲೆಯನ್ನು ಅವರೂ ಸ್ವಲ್ಪ ಎಣಿಸಿಕೊಳ್ಳಲು ಹೋದರು.

ನಷ್ಟವೇನೂ ಆಗಲಿಲ್ಲ. ಸಿಯರ್ಸ್ ಅನ್ನುವ ದೊಡ್ಡ ಅಂಗಡಿ ಸರಣಿಯ ಕ್ರಾಫ್ಟ್ಸ್‌ಮನ್ ಉಪಕರಣಗಳಿಗೆ ವರ್ಷಗಟ್ಟಲೆ ಮುಖವಾದರು. 1990ರಲ್ಲಿ ‘ಹೋಮ್ ಅಗೇನ್’ ಅನ್ನುವ ಸ್ವಂತ ಕಾರ್ಯಕ್ರಮ ಶುರು ಮಾಡಿದರು. ಅದು ಕೊನೆಗೆ ‘ಬಾಬ್ ವೀಲಾ’ ಅಂತಲೇ ಹೆಸರು ಬದಲಿಸಿಕೊಂಡು 2007ರವರೆಗೆ ನಡೆಯಿತು. ಟಿಮ್ ಆ್ಯಲನ್ ಅವರ ‘ಹೋಮ್ ಇಂಪ್ರೂವ್‌ಮೆಂಟ್’ ಹಾಸ್ಯ ಧಾರಾವಾಹಿ ಇಂಥ ಕಾರ್ಯಕ್ರಮಗಳನ್ನೇ ಗೇಲಿ ಮಾಡುತ್ತಿತ್ತು. ಅದರಲ್ಲೂ ಅವರು ಬಾಬ್ ವೀಲಾ ಆಗಿಯೇ ಬಂದು ಹೋದರು. ಹಾಗೆ ನೋಡಿದರೆ ಈ ಎರಡನೇ ಅವಧಿ ನನಗೆ ಅಷ್ಟು ಹಿಡಿಸಲಿಲ್ಲ. ಪಕ್ಕದಲ್ಲಿ ನಾರ್ಮ್ ಇಲ್ಲದ ಬಾಬ್, ಯಾಕೋ ಒಗ್ಗರಣೆ ಇಲ್ಲದ ಸಾರು.

ಅವರ ಒಂದು ಕೆಲಸ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹವಾನಾ ಹತ್ತಿರ ಲೇಖಕ ಹೆಮಿಂಗ್ವೇ 1939ರಿಂದ 1960ರವರೆಗೆ ಇದ್ದ ಮನೆ ಇದೆ, ಫಿಂಕಾ ವಿಹಿಯಾ ಅಂತ. ಮಳೆ, ಗೆದ್ದಲು, ತೇವ ಸೇರಿ ಅದು ಹಾಳಾಗುತ್ತಿತ್ತು. ಅಮೆರಿಕದಿಂದ ಕ್ಯೂಬಾಕ್ಕೆ ಒಂದು ಮೊಳೆ ಕಳಿಸಬೇಕೆಂದರೂ ಸರ್ಕಾರದ ಅನುಮತಿ ಬೇಕಾದ ಕಾಲ. ಆ ಮನೆ ಉಳಿಸಲು ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆಯ ಮುಂದಾಳುಗಳಲ್ಲಿ ವೀಲಾ ಒಬ್ಬರು. ಹೆಮಿಂಗ್ವೇ ಕಾಗದಪತ್ರಗಳನ್ನು ಕಾಪಾಡಲು ಅಲ್ಲೊಂದು ಹೊಸ ಕಟ್ಟಡ ಆಯಿತು, 2019ರಲ್ಲಿ. ಅದಕ್ಕೆ ಬೇಕಾದ ಸಾಮಾನು ಹೋಗಿದ್ದು ಅಮೆರಿಕದಿಂದಲೇ. ಅಪ್ಪ ಅಮ್ಮನ ಊರಿಗೆ ಮಗ ಹೋಗಿ ಮಾಡಿಸಿದ ರಿಪೇರಿ.

ನೋಡಬೇಕು ಅಂತಿದ್ದರೆ ಮೊದಲು ಡಾರ್ಚೆಸ್ಟರ್ ಮನೆಯ 13 ಕಂತು ನೋಡಿ. ಚಿತ್ರ ಮಸುಕು, ಅಂಗಿಗಳು ವಿಚಿತ್ರ, ನಿಧಾನ. ಅಪ್ಪ ಊರಿಗೆ ಹೋದಮೇಲೂ ಫೋನಿನಲ್ಲಿ ಕೇಳ್ತಾರೆ: “ಆ ಗಡ್ಡದವನ ಹೊಸದು ಬಂತೇನೋ?” ನಾರ್ಮ್ 2022ರಲ್ಲೇ ನಿವೃತ್ತರಾದರು ಅಂತ ಇನ್ನೂ ಹೇಳಿಲ್ಲ.